ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು: ಕಾಸರಗೋಡಿನ ಮಳೆ, ಮುರಕಲ್ಲು ಮತ್ತು ಎರಡು ಲಿಪಿಗಳ ನಡುವೆ

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆಯಿಂದ ಚಿತ್ರಪುಸ್ತಕದ ಕೆಲಸಕ್ಕೆ ಇಳಿಯುವವರು ಸುತ್ತಿ ಬಳಸಿ ಕೇಳುವುದು ಈ ಪ್ರಶ್ನೆಗಳನ್ನೇ. ಬೆಂಗಳೂರಿನಲ್ಲಿ ಕೂತು ಬರೆದ ಸಲಹೆಗಳಲ್ಲಿ ಕೆಲವು ಇಲ್ಲಿಗೆ ಹೊಂದುವುದಿಲ್ಲ. ಅಲ್ಲಿನ ಕಾಗದ ಜುಲೈಯಲ್ಲಿ ಬೂಸ್ಟು ಹಿಡಿಯುವುದಿಲ್ಲ, ಅಲ್ಲಿನ ಪುಸ್ತಕ ಮಲಯಾಳಕ್ಕೂ ಹೋಗಬೇಕೆಂದು ಮೊದಲ ದಿನವೇ ಯಾರೂ ಕೇಳುವುದಿಲ್ಲ. ಹಾಗಾಗಿ ಆ ಎರಡು ವಿಷಯಗಳನ್ನು ಇಲ್ಲಿ ಸ್ವಲ್ಪ ಬಿಡಿಸಿಯೇ ಹೇಳಿದ್ದೇವೆ.

ಮಲ್ಟಿಮೀಡಿಯಾ ಕಲಾವಿದರು ಅಂದರೆ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವವರೇ?

ಅಲ್ಲ. ಒಂದೇ ಕಥೆಯನ್ನು ಪುಸ್ತಕ, ಬೊಂಬೆ, ಧ್ವನಿ, ಚಲಿಸುವ ಚಿತ್ರ ಎಂದು ಬೇರೆ ಬೇರೆ ಮಾಧ್ಯಮಕ್ಕೆ ಒಗ್ಗಿಸಬಲ್ಲವರು ಅಂತ ಇಟ್ಟುಕೊಳ್ಳಿ. ಜಲವರ್ಣದಲ್ಲಿ ಬರೆದು, ಅದನ್ನೇ ಕತ್ತರಿಸಿ ಕೀಲುಬೊಂಬೆ ಮಾಡಿ, ಫೋನಿನಲ್ಲಿ ಒಂದೊಂದೇ ಫ್ರೇಮ್ ತೆಗೆದು ಅರ್ಧ ನಿಮಿಷದ ವಿಡಿಯೊ ಮಾಡುವವರೂ ಈ ಗುಂಪಿಗೇ ಸೇರುತ್ತಾರೆ. ಟ್ಯಾಬ್ಲೆಟ್ ಇಲ್ಲದಿದ್ದರೂ ನಡೆಯುತ್ತದೆ. ಸ್ಕ್ಯಾನರ್ ಇಲ್ಲದಿದ್ದರೆ ಮಾತ್ರ ಕಷ್ಟ.

ಕಲಾ ಕಾಲೇಜಿಗೆ ಹೋಗಲೇಬೇಕೇ?

ಪ್ರಕಾಶಕರು ಕೇಳುವುದು ಕೆಲಸದ ಮಾದರಿಗಳನ್ನು, ಪದವಿಯನ್ನಲ್ಲ. ಕಲಿಯುವ ಮನಸ್ಸಿದ್ದರೆ ಹತ್ತಿರದಲ್ಲಿ ಮಂಗಳೂರಿನ ಮಹಾಲಸಾ, ಆಚೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇವೆ. ಮಾದರಿ ಕಳುಹಿಸುವಾಗ ಬಿಡಿ ಚಿತ್ರಗಳು ಇಪ್ಪತ್ತು ಇದ್ದರೂ ಸಾಲದು. ಒಂದೇ ಪಾತ್ರ ಐದಾರು ಚಿತ್ರಗಳಲ್ಲಿ ನಗುತ್ತ, ಅಳುತ್ತ, ಬೆನ್ನು ತಿರುಗಿಸಿ, ಓಡುತ್ತ ಬರಬೇಕು. ಪ್ರತಿಸಲವೂ ಅದೇ ಮಗು ಅನಿಸಬೇಕು. ಸಂಪಾದಕರು ಮೊದಲು ನೋಡುವುದು ಅದನ್ನೇ.

ಕಥೆ ಕೈಗೆ ಬಂತು. ಮೊದಲ ಗೆರೆ ಎಲ್ಲಿ ಎಳೆಯಬೇಕು?

ಪುಟ ಲೆಕ್ಕದಲ್ಲಿ. ಪಿನ್ನು ಹೊಡೆದು ಕಟ್ಟುವ ಪುಸ್ತಕದ ಪುಟಗಳು ನಾಲ್ಕರ ಗುಣಕದಲ್ಲೇ ಇರಬೇಕು; ನಮ್ಮಲ್ಲಿ 24 ಮತ್ತು 32 ಪುಟದವು ಹೆಚ್ಚು. 24 ಪುಟದ ಪುಸ್ತಕದಲ್ಲಿ ಮೊದಲ ಪುಟ ಶೀರ್ಷಿಕೆಗೆ ಹೋದರೆ 2-3ರಿಂದ 22-23ರ ತನಕ ಹನ್ನೊಂದು ಪುಟಜೋಡಿ ಸಿಗುತ್ತದೆ, ಕೊನೆಗೊಂದು ಒಂಟಿ ಪುಟ. 32ರಲ್ಲಿ ಹದಿನೈದು ಜೋಡಿ. ಪ್ರಕಾಶನದ ವಿವರ ಒಳರಕ್ಷಾಪುಟಕ್ಕೆ ಹೋಗುತ್ತದೋ ಎರಡನೇ ಪುಟಕ್ಕೋ ಎಂದು ಮೊದಲೇ ಕೇಳಿಕೊಳ್ಳಿ. ಎರಡನೇ ಪುಟಕ್ಕೆ ಬಂದರೆ ಒಂದು ಜೋಡಿ ಅರ್ಧ ಹೋಯಿತು.

ಆಮೇಲೆ ಒಂದು ಕಾಗದದಲ್ಲಿ ಹನ್ನೊಂದು ಚೌಕ ಹಾಕಿ. ಬೆಂಕಿಪೆಟ್ಟಿಗೆಗಿಂತ ದೊಡ್ಡದು ಬೇಡ, ದೊಡ್ಡದಾದರೆ ಕಣ್ಣು ಮೂಗು ಬರೆಯಲು ಮನಸ್ಸಾಗುತ್ತದೆ. ಇಲ್ಲಿ ತೀರ್ಮಾನ ಆಗಬೇಕಾದ್ದು ಮೂರೇ: ಯಾವುದು ದೂರದ ನೋಟ, ಯಾವುದು ಹತ್ತಿರದ್ದು, ಅಕ್ಷರ ಎಲ್ಲಿ ಕೂರುತ್ತದೆ. ಹನ್ನೊಂದರಲ್ಲಿ ಎಂಟು ಒಂದೇ ದೂರದಿಂದ ಕಂಡರೆ ಪುಸ್ತಕ ನಾಟಕದ ಪರದೆಯ ಹಾಗೆ ಚಪ್ಪಟೆಯಾಗಿರುತ್ತದೆ. ಪುಟ ತಿರುವಿದರೆ ಏನು ಕಾಣುತ್ತದೋ ಎಂಬ ಕುತೂಹಲ ಹುಟ್ಟಿಸುವುದು ಬಲಪುಟದ ಕೆಲಸ. ಮಗುವಿಗೆ ಪ್ರಶ್ನೆ ಹುಟ್ಟುವುದು ಬಲಪುಟದ ಕೊನೆಯಲ್ಲಿ, ಉತ್ತರ ಸಿಗುವುದು ಮುಂದಿನ ಎಡಪುಟದಲ್ಲಿ.

ಅಳತೆ ಹೇಗೆ?

ಎಂಟೂವರೆ ಇಂಚಿನ ಚೌಕ ಪುಸ್ತಕವನ್ನೇ ಹಿಡಿಯಿರಿ. ಒಂದು ಪುಟ 216 ಮಿ.ಮೀ., ಜೋಡಿ 432. ಕತ್ತರಿಸುವ ಯಂತ್ರ ಕೂದಲೆಳೆ ಆಚೀಚೆ ಹೋಗುವುದರಿಂದ ನಾಲ್ಕೂ ಬದಿಗೆ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸಿ ಹೋಗುವ ಹೆಚ್ಚುವರಿ ಚಿತ್ರ ಬೇಕು, ಅಲ್ಲಿಗೆ 438 × 222 ಮಿ.ಮೀ. 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆ) ಇದು 5173 × 2622 ಪಿಕ್ಸೆಲ್. ಈ ಅಳತೆ ಎ3 ಕಾಗದಕ್ಕೆ ಹಿಡಿಸುವುದಿಲ್ಲ, ಎ3 ಉದ್ದ 420 ಮಾತ್ರ. 22 × 30 ಇಂಚಿನ ಜಲವರ್ಣದ ಕಾಗದವನ್ನು ಅರ್ಧ ಮಾಡಿದರೆ ಸರಿಯಾಗಿ ಕೂರುತ್ತದೆ, ಹಿಡಿಯಲು ಅಂಚೂ ಉಳಿಯುತ್ತದೆ. ನಡುವಿನ ಮಡಿಕೆಯ ಎರಡೂ ಬದಿಗೆ ಒಂದೊಂದು ಸೆಂ.ಮೀ. ಜಾಗದಲ್ಲಿ ಮುಖ, ಕೈ, ಅಕ್ಷರ ಯಾವುದೂ ಬೇಡ.

ಒಂದು ಪುಟಜೋಡಿ ಹುಟ್ಟುವುದನ್ನು ಉದಾಹರಣೆಯೊಂದಿಗೆ ಹೇಳಬಹುದೇ?

ನಮ್ಮ ಊರಿನದ್ದೇ ತೆಗೆದುಕೊಳ್ಳೋಣ. ಹುಡುಗಿಯೊಬ್ಬಳು ಅಜ್ಜನ ಜೊತೆ ಮೊದಲ ಸಲ ಸುರಂಗದೊಳಗೆ, ಅಂದರೆ ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಕ್ಕೆ ತೋಡಿದ ಕಿರಿದಾದ ದಾರಿಯೊಳಗೆ ಹೋಗುತ್ತಾಳೆ. ಪಠ್ಯ ಎರಡು ಸಾಲು: ಒಳಗೆ ಕತ್ತಲು, ಎಲ್ಲೋ ನೀರು ತೊಟ್ಟಿಕ್ಕುವ ಸದ್ದು.

ಇದನ್ನು ಮೂರು ಕಡೆಯಿಂದ ನೋಡಬಹುದು. ಹೊರಗೆ ನಿಂತು ನೋಡಿದರೆ ಗುಡ್ಡದ ಬುಡದಲ್ಲಿ ಒಂದು ಕಪ್ಪು ತೂತು. ಹುಡುಗಿಗೆ ಏನನಿಸುತ್ತಿದೆ ಎಂದು ಗೊತ್ತಾಗುವುದಿಲ್ಲ. ಗುಡ್ಡವನ್ನೇ ಅಡ್ಡಕ್ಕೆ ಸೀಳಿ ತೋರಿಸಿದರೆ ನೀರು ಹೇಗೆ ಬರುತ್ತದೆ ಎಂಬುದು ಚೆನ್ನಾಗಿ ತಿಳಿಯುತ್ತದೆ, ಆದರೆ ಅದು ಪಾಠದ ಚಿತ್ರ. ಅದನ್ನು ಮುಂದಿನ ಪುಟಕ್ಕಿಡಿ. ಮೂರನೆಯದು ಒಳಗಿನಿಂದ ಹೊರಗೆ ನೋಡುವುದು: ಬಾಗಿಲಿನ ಬೆಳಕು ಉಗುರಿನಷ್ಟು ಸಣ್ಣದಾಗಿ ಹಿಂದೆ ಉಳಿದಿದೆ, ಹುಡುಗಿ ನಮ್ಮತ್ತ ಬರುತ್ತಿದ್ದಾಳೆ. ಕಥೆಗೆ ಬೇಕಾದ್ದು ಇದು.

ಇನ್ನು ವಿವರ. ಸುರಂಗದ ಅಗಲ ಒಬ್ಬರು ನಡೆಯುವಷ್ಟೇ, ಸುಮಾರು ಎರಡಡಿ, ಎತ್ತರ ಆಳೆತ್ತರ. ಹಾಗಾಗಿ ಅಜ್ಜ, ಮೊಮ್ಮಗಳು ಅಕ್ಕಪಕ್ಕ ನಡೆಯುವ ಚಿತ್ರ ತಪ್ಪು, ಒಬ್ಬರ ಹಿಂದೆ ಒಬ್ಬರೇ ಬರಬೇಕು. ಗೋಡೆ ನುಣ್ಣಗಿಲ್ಲ. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ತೂತುಗಳ ಮೇಲೆ ಪಿಕ್ಕಾಸಿಯ ಓರೆ ಗೀರುಗಳಿರುತ್ತವೆ. ಒರಟು ಕಾಗದದ ಮೇಲೆ ಅರೆ ಒಣಗಿದ ಬ್ರಷ್ ಎಳೆದರೆ ಆ ತೂತು ತಾನಾಗಿ ಬರುತ್ತದೆ. ಒದ್ದೆ ಕಲ್ಲು ಒಣಕಲ್ಲಿಗಿಂತ ಎರಡು ಛಾಯೆ ಗಾಢ. ನೆಲದಲ್ಲಿ ಪಾದ ಮುಳುಗುವಷ್ಟು ನೀರು, ಅದರಲ್ಲಿ ಬಾಗಿಲಿನ ಬೆಳಕಿನ ಒಂದು ಗೆರೆ. ಅಜ್ಜನ ಕೈಯಲ್ಲಿ ಟಾರ್ಚೋ ದೀಪವೋ ಎಂಬುದೂ ಕಥೆಯ ಕಾಲವನ್ನು ಹೇಳುತ್ತದೆ; ಸುರಂಗ ತೋಡುವವರು ದೀಪ ಒಯ್ಯುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಮಂಕಾದರೆ ಒಳಗೆ ಉಸಿರಾಡುವ ಗಾಳಿ ಸಾಲದು ಎಂದರ್ಥ. ಹೊರಬಂದ ನೀರು ಅಡಿಕೆ ಮರದ ದಂಬೆಯಲ್ಲಿ, ಅಂದರೆ ಟೊಳ್ಳು ಮಾಡಿದ ಕಾಂಡದ ಕಾಲುವೆಯಲ್ಲಿ ಹರಿದು ಕೆರೆಗೆ ಬೀಳುವುದನ್ನು ಕೊನೆಯ ಪುಟಕ್ಕೆ ಉಳಿಸಿಕೊಳ್ಳಿ.

ಇಲ್ಲೊಂದು ಗಂಟು. ಪುಟವೆಲ್ಲ ಕತ್ತಲು, ಹಾಗಾದರೆ ಅಕ್ಷರ? ಕಪ್ಪಿನ ಮೇಲೆ ಬಿಳಿ ಅಕ್ಷರ ಚೆಂದ ಕಾಣುತ್ತದೆ, ಆದರೆ ಬೇಡ. ಕಾರಣ ಮುಂದಿನ ಉತ್ತರದಲ್ಲಿದೆ. ಟಾರ್ಚಿನ ಬೆಳಕು ಎಡಗೋಡೆಗೆ ಬಿದ್ದ ಹಾಗೆ ಬರೆದು, ಆ ತಿಳಿಕಿತ್ತಳೆ ಪಟ್ಟಿಯಲ್ಲಿ ಕಪ್ಪಕ್ಷರ ಕೂರಿಸಿ. ಬೆಳಕು ಕಥೆಯದ್ದೂ ಆಯಿತು, ಓದುವುದಕ್ಕೂ ಆಯಿತು.

ಒಂದೇ ಪುಸ್ತಕ ಕನ್ನಡ, ಮಲಯಾಳ ಎರಡರಲ್ಲೂ ಬರಬೇಕು. ಚಿತ್ರಕಾರರು ಏನು ಗಮನಿಸಬೇಕು?

ಚಿತ್ರದೊಳಗೆ ಅಕ್ಷರ ಬರೆಯಬೇಡಿ ಎಂಬುದು ಮೊದಲನೆಯದು. ಅಂಗಡಿಯ ಫಲಕ, ಬಸ್ಸಿನ ಬೋರ್ಡು, ಶಾಲೆಯ ಕರಿಹಲಗೆ, ಎಲ್ಲ ಖಾಲಿ ಇರಲಿ ಅಥವಾ ಬೇರೆ ಪದರದಲ್ಲಿರಲಿ. ಶಬ್ದವನ್ನೇ ಚಿತ್ರವಾಗಿ ಬರೆದು, ಅಂದರೆ 'ಧಡಾರ್' ಅಂತ ದೊಡ್ಡ ಬಣ್ಣದಕ್ಷರದಲ್ಲಿ ಹಾಕಿ, ಆಮೇಲೆ ಮಲಯಾಳಕ್ಕಾಗಿ ಪೂರ್ತಿ ಪುಟ ಮತ್ತೆ ಬರೆಯಬೇಕಾಗಿ ಬರುವುದು ತೀರ ಸಾಮಾನ್ಯ.

ಎರಡನೆಯದು ಮುದ್ರಣದ ಒಳಗುಟ್ಟು. ಆಫ್‌ಸೆಟ್‌ನಲ್ಲಿ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂದು ನಾಲ್ಕು ಪ್ಲೇಟು. ಅಕ್ಷರ ಬರೀ ಕಪ್ಪಿನಲ್ಲಿದ್ದರೆ, ಅಂದರೆ 100 ಶೇಕಡಾ ಕಪ್ಪು, ಉಳಿದ ಮೂರು ಸೊನ್ನೆ, ಕೆಳಗಿನ ಬಣ್ಣದಲ್ಲಿ ತೂತು ಮಾಡದೆ ಅದರ ಮೇಲೇ ಅಚ್ಚಾಗುವ ಓವರ್‌ಪ್ರಿಂಟ್, ಆಗ ಭಾಷೆ ಬದಲಿಸುವಾಗ ಕಪ್ಪು ಪ್ಲೇಟು ಒಂದನ್ನು ಬದಲಿಸಿದರೆ ಸಾಕು. ಮೂರು ಬಣ್ಣ ಎರಡೂ ಭಾಷೆಗೆ ಒಟ್ಟಿಗೆ ಅಚ್ಚಾಗುತ್ತವೆ, ಖರ್ಚು ಇಳಿಯುತ್ತದೆ. ಬಿಳಿ ಅಕ್ಷರಕ್ಕೆ ನಾಲ್ಕೂ ಪ್ಲೇಟಿನಲ್ಲಿ ತೂತು ಬೇಕು. ಒಂದು ಪುಟದಲ್ಲಿ ಬಿಳಿ ಅಕ್ಷರ ಇಟ್ಟರೂ ಆ ಪುಟ ಇರುವ ಇಡೀ ಹಾಳೆಯ ನಾಲ್ಕು ಪ್ಲೇಟು ಹೊಸದಾಗಿ ಮಾಡಬೇಕು. ಕಾಸರಗೋಡಿನಂಥ ಊರಿನ ಪುಸ್ತಕ ಎರಡು ಭಾಷೆಯಲ್ಲಿ ಬರುತ್ತದೋ ಇಲ್ಲವೋ ಎಂಬುದೇ ಕೆಲವೊಮ್ಮೆ ಇಷ್ಟು ಸಣ್ಣ ವಿಷಯದಲ್ಲಿ ನಿಂತಿರುತ್ತದೆ.

ಜಾಗದ ಲೆಕ್ಕ: ಕನ್ನಡಕ್ಕೆ ಕೆಳಗೆ ಒತ್ತಕ್ಷರ ಇಳಿಯುತ್ತದೆ, ಮಲಯಾಳದ ಅಕ್ಷರ ಅಗಲಕ್ಕೆ ಹರಡುತ್ತದೆ. ಕನ್ನಡ ಪಠ್ಯ ಕೂರುವ ಜಾಗಕ್ಕಿಂತ ಕಾಲು ಭಾಗ ಹೆಚ್ಚು ಖಾಲಿ ಬಿಡಿ. 18 ಪಾಯಿಂಟಿನ ಕನ್ನಡಕ್ಕೆ ಸಾಲಿನಿಂದ ಸಾಲಿಗೆ 28 ಪಾಯಿಂಟಾದರೂ ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಆಗಷ್ಟೇ ಓದಲು ಕಲಿತ ಮಗು ತಡವರಿಸುತ್ತದೆ.

ಕಂಪ್ಯೂಟರಿನಲ್ಲಿ ಕನ್ನಡ ಒಡೆದು ಹೋಗುತ್ತದಲ್ಲ?

ಎರಡು ಬೇರೆ ರೋಗಗಳಿವೆ, ಮದ್ದೂ ಬೇರೆ. ಅರ್ಕಾವತ್ತು ತಪ್ಪು ಜಾಗಕ್ಕೆ ಹೋಗುವುದು, ಒತ್ತು ಬಿಡಿಯಾಗಿ ನಿಲ್ಲುವುದು ಕಂಡರೆ ತಂತ್ರಾಂಶದ ಅಕ್ಷರಜೋಡಣೆಯ ಎಂಜಿನ್ ಸರಿಯಾದದ್ದಲ್ಲ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಮೆನುವಿನಿಂದ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ. ಉಚಿತವಾದ ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಕನ್ನಡ ತೊಂದರೆಯಿಲ್ಲದೆ ಮೂಡುತ್ತದೆ. ಎಲ್ಲ ಅಕ್ಷರವೂ ಇಂಗ್ಲಿಷ್ ಗೀಜಲಾಗಿ ಕಂಡರೆ ಅದು 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಯೂನಿಕೋಡೇತರ ಕಡತ. ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿ, ಆಮೇಲೆ ಕಣ್ಣಿಟ್ಟು ಓದಿ, ಒಂದೆರಡು ಅಕ್ಷರ ಜಾರಿರುತ್ತದೆ.

ಮಕ್ಕಳ ಪುಸ್ತಕಕ್ಕೆ ಬಾಲೂ ತಮ್ಮ, ಅನೇಕ್ ಕನ್ನಡ, ತಿರೊ ಕನ್ನಡ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಬಾಲೂ ತಮ್ಮ ಶೀರ್ಷಿಕೆಗೆ ಒಳ್ಳೆಯದು, ಇಡೀ ಪುಟಕ್ಕೆ ಹಾಕಿದರೆ ಭಾರ. ಮುದ್ರಣಕ್ಕೆ ಕೊಡುವ ಪಿಡಿಎಫ್‌ನಲ್ಲಿ ಅಕ್ಷರವನ್ನು ಔಟ್‌ಲೈನ್ ಮಾಡಿ, ಅಂದರೆ ಫಾಂಟ್ ಬೇಡದ ಆಕಾರವಾಗಿ ಬದಲಿಸಿ, ತಿದ್ದಬಹುದಾದ ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ.

ಜೂನಿನಿಂದ ಸೆಪ್ಟೆಂಬರ್ ತನಕ ಕಾಗದ ಕಾಪಾಡುವುದು ಹೇಗೆ?

ಮಳೆಗಾಲದಲ್ಲಿ ಕೆಡುವುದು ಕಾಗದಕ್ಕಿಂತ ಮೊದಲು ಅದರ ಮೇಲಿನ ಸೈಜಿಂಗ್, ಅಂದರೆ ನೀರು ಕೂಡಲೇ ಇಂಗದಂತೆ ತಡೆಯುವ ಅಂಟಿನ ಲೇಪ. ತೇವಕ್ಕೆ ಅದು ಹಾಳಾದರೆ ಬಣ್ಣ ಹಾಕಿದ ಕೂಡಲೇ ಒಪ್ಪುಕಾಗದದ (ಬ್ಲಾಟಿಂಗ್ ಪೇಪರಿನ) ಮೇಲೆ ಬಿದ್ದ ಶಾಯಿಯ ಹಾಗೆ ಕಲೆಕಲೆಯಾಗಿ ಹೀರಿಕೊಳ್ಳುತ್ತದೆ. ಮೇಲ್ನೋಟಕ್ಕೆ ಕಾಗದ ಹೊಸದೇ. ಆದ್ದರಿಂದ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆ ತಿಂಗಳಲ್ಲಿ ಹೊಸ ಹಾಳೆ ತೆಗೆದಾಗಲೆಲ್ಲ ಮೂಲೆಯಲ್ಲಿ ಒಂದು ಹನಿ ಬಣ್ಣ ಹಾಕಿ ನೋಡಿ. ಸೈಜಿಂಗ್ ಹೋದ ಹಾಳೆ ಜಲವರ್ಣಕ್ಕೆ ಬಾರದು; ಪೆನ್ಸಿಲ್, ಕೊಲಾಜ್‌ಗೆ (ತುಂಡು ಅಂಟಿಸಿ ಮಾಡುವ ಚಿತ್ರಕ್ಕೆ) ಇಟ್ಟುಕೊಳ್ಳಿ.

ಇಡುವ ಕ್ರಮ ಹೀಗೆ. ಮೇ ಮುಗಿಯುವ ಮೊದಲೇ, ಒಣ ದಿನದಲ್ಲಿ, ಹತ್ತು ಹತ್ತು ಹಾಳೆಯ ಕಟ್ಟು ಮಾಡಿ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ಲಿನ ಜೊತೆ ಮುಚ್ಚಿ. ಮಳೆ ಶುರುವಾದ ಮೇಲೆ ಮುಚ್ಚಿದರೆ ತೇವವನ್ನೇ ಒಳಗೆ ಕಟ್ಟಿಟ್ಟಂತೆ. ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ತೇವ ಕುಡಿದಾಗ ಹಸಿರಾಗುತ್ತದೆ, 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿಯದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇದೆ, ಅಡುಗೆಯ ಓವನ್ನಿನಲ್ಲಿ ಅದನ್ನು ಕಾಯಿಸಬಾರದು. ಕಪಾಟು ಗೋಡೆಗೆ ಒರಗಿರಬಾರದು. ಮುರಕಲ್ಲಿನ ಗೋಡೆ ನಾಲ್ಕು ತಿಂಗಳೂ ನೀರು ಕುಡಿದಿರುತ್ತದೆ. ನಾಲ್ಕು ಬೆರಳು ಬಿಟ್ಟು ನಿಲ್ಲಿಸಿ.

300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ಹತ್ತಿಕಾಗದವೂ ಈ ದಿನಗಳಲ್ಲಿ ಅಲೆ ಏಳುತ್ತದೆ. ಚಿತ್ರ ಪೂರ್ತಿ ಒಣಗಿದ ಮೇಲೆ ಮಗುಚಿ ಹಾಕಿ, ಹಿಂಬದಿಗೆ ಒದ್ದೆ ಹತ್ತಿ ಉಜ್ಜಿ, ಮೇಲೂ ಕೆಳಗೂ ಬಿಳಿ ಹತ್ತಿಬಟ್ಟೆ ಇಟ್ಟು ಇಸ್ತ್ರಿಯನ್ನು ಕಡಿಮೆ ಬಿಸಿಯಲ್ಲಿ ಆಡಿಸಿ, ಒಂದು ರಾತ್ರಿ ಭಾರದಡಿ ಇಡಿ. ಮೇಣದ ಬಣ್ಣ, ಅಕ್ರಿಲಿಕ್ ಇದ್ದರೆ ಇಸ್ತ್ರಿ ತಾಗಿಸಬೇಡಿ.

ಮುರಕಲ್ಲಿನ ಮಣ್ಣಿನಿಂದಲೇ ಬಣ್ಣ ಮಾಡಬಹುದೇ?

ಧಾರಾಳವಾಗಿ. ಆ ಕೆಂಪು ಕಬ್ಬಿಣದ ಆಕ್ಸೈಡಿನದ್ದು, ಬಿಸಿಲಿಗೆ ಮಾಸುವುದಿಲ್ಲ. 200 ಗ್ರಾಂ ಪುಡಿಯನ್ನು ಒಂದು ಲೀಟರ್ ನೀರಿಗೆ ಹಾಕಿ ಚೆನ್ನಾಗಿ ಕಲಕಿ ಒಂದು ನಿಮಿಷ ಬಿಡಿ. ಮರಳು ತಳಕ್ಕೆ ಇಳಿಯುತ್ತದೆ. ಮೇಲಿನ ಕೆಂಪುನೀರನ್ನು ಮಾತ್ರ ಇನ್ನೊಂದು ಪಾತ್ರೆಗೆ ಬಗ್ಗಿಸಿ. ಹೀಗೆ ಮೂರು ಸಲ. ಕೊನೆಯ ನೀರನ್ನು ಒಂದು ರಾತ್ರಿ ಅಲುಗಿಸದೆ ಇಟ್ಟರೆ ತಳದಲ್ಲಿ ನುಣುಪಾದ ಕೆಸರು ಉಳಿಯುತ್ತದೆ. ಮೇಲಿನ ತಿಳಿನೀರು ಚೆಲ್ಲಿ, ಕೆಸರು ಒಣಗಿಸಿ, ಅರೆದು, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ.

ಅಂಟಿಗೆ ಒಂದು ಪಾಲು ಅರೇಬಿಕ್ ಗೋಂದು, ಎರಡು ಪಾಲು ಬಿಸಿನೀರು, ಕಾಲು ಪಾಲು ಜೇನು, ಎರಡು ಹನಿ ಲವಂಗದೆಣ್ಣೆ. ಜೇನು ಬಣ್ಣದ ಗಟ್ಟಿ ಸೀಳದಂತೆ ತಡೆಯುತ್ತದೆ, ಲವಂಗದೆಣ್ಣೆ ಬೂಸ್ಟನ್ನು. ಗಾಜಿನ ತುಂಡಿನ ಮೇಲೆ ಪುಡಿಗೆ ಅಂಟು ಸೇರಿಸುತ್ತ ಹದಿನೈದು ನಿಮಿಷ ಅರೆಯಿರಿ. ಒಣಗಿದ ಗೆರೆಯನ್ನು ಬೆರಳಿನಿಂದ ಉಜ್ಜಿದಾಗ ಕೆಂಪು ಹತ್ತಿದರೆ ಅಂಟು ಕಡಿಮೆ. ಮಿಂಚುತ್ತ ಬಿರುಕು ಬಿಟ್ಟರೆ ಹೆಚ್ಚು. ಮಳೆಗಾಲದಲ್ಲಿ ಜೇನು ಅರ್ಧಕ್ಕೆ ಇಳಿಸಿ, ಇಲ್ಲವಾದರೆ ಬಣ್ಣ ಒಣಗದೆ ಅಂಟಂಟಾಗಿಯೇ ಇರುತ್ತದೆ.

ಅರಿಶಿನ, ಸುಣ್ಣದ ಕೆಂಪು?

ಬೊಂಬೆಗೆ, ಒಂದು ದಿನದ ಕಾರ್ಯಾಗಾರಕ್ಕೆ ಸರಿ. ಮೂಲಚಿತ್ರಕ್ಕೆ ಬೇಡ. ಸುಣ್ಣದ ಕ್ಷಾರಕ್ಕೆ ಅರಿಶಿನ ಕೆಂಪಾಗುತ್ತದೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕ್ಷಾರ ಕಳೆದುಕೊಂಡ ಹಾಗೆ ಕೆಂಪು ಹಿಂದೆ ಸರಿಯುತ್ತದೆ. ಅರಿಶಿನದ ಹಳದಿಯೂ ಬೆಳಕಿಗೆ ಬೇಗ ಮಾಸುತ್ತದೆ. ಬಳಸಿದ್ದರೆ ಅದೇ ದಿನ ಸ್ಕ್ಯಾನ್ ಮಾಡಿ.

ಅಡಿಕೆ ಹಾಳೆಯ ಬೊಂಬೆಯಿಂದ ಚಲಿಸುವ ಚಿತ್ರ ಮಾಡುವುದು ಹೇಗೆ?

ಬಿದ್ದ ಹಾಳೆಯಲ್ಲಿ ಕಪ್ಪು ಚುಕ್ಕೆ ಇಲ್ಲದ್ದನ್ನು ಆರಿಸಿ ಅರ್ಧ ಗಂಟೆ ನೀರಲ್ಲಿ ನೆನೆಸಿ, ಬಗ್ಗುವಂತಾದಾಗ ಎರಡು ಹಲಗೆಯ ನಡುವೆ ಎರಡು ದಿನ ಭಾರ ಹೇರಿ ಇಡಿ, ಆಮೇಲೆ ಬಿಸಿಲು. ಹಾಳೆ ತನ್ನ ನಾರಿನ ಉದ್ದಕ್ಕೆ ಸುರುಳಿಯಾಗಲು ನೋಡುತ್ತದೆ. ಕೈಕಾಲುಗಳನ್ನು ನಾರಿನ ಉದ್ದಕ್ಕೇ ಕತ್ತರಿಸಿ; ಅಡ್ಡಕ್ಕೆ ಕತ್ತರಿಸಿದ ಕೈ ಮಣಿಕಟ್ಟಿನಲ್ಲಿ ಮುರಿಯುವುದು ಖಂಡಿತ. ಒಳಮೈ ನುಣುಪಾಗಿ ಎಣ್ಣೆ ಸವರಿದಂತಿರುವುದರಿಂದ ಜಲವರ್ಣ ಹನಿಹನಿಯಾಗಿ ನಿಲ್ಲುತ್ತದೆ. 220 ನಂಬರಿನ ಮರಳುಕಾಗದ ಉಜ್ಜಿ, ಒಂದಕ್ಕೆ ಮೂರು ನೀರು ಬೆರೆಸಿದ ಫೆವಿಕಾಲ್ ಒಂದು ಕೈ ಬಳಿದು, ಮೇಲೆ ಅಕ್ರಿಲಿಕ್ ಹಾಕಿ. ಕೀಲಿಗೆ ಕಡತಕ್ಕೆ ಹಾಕುವ ಹಿತ್ತಾಳೆಯ ಎರಡು ಕಾಲಿನ ಪಿನ್ನು ಸಾಕು. ಕೀಲು ಎಲ್ಲಿರಬೇಕು ಎಂದು ತಿಳಿಯಲು ಕಾಸರಗೋಡಿನ ಯಕ್ಷಗಾನ ಬೊಂಬೆಯಾಟವನ್ನು ಒಮ್ಮೆ ಹತ್ತಿರದಿಂದ ನೋಡಿ. ಭುಜ, ಮೊಣಕೈ, ಸೊಂಟ ಅಲ್ಲಿ ಹೇಗೆ ತಿರುಗುತ್ತವೆ ಎಂಬುದು ಯಾವ ಪಾಠಕ್ಕಿಂತಲೂ ಚೆನ್ನಾಗಿ ತಿಳಿಯುತ್ತದೆ.

ಸೆಕೆಂಡಿಗೆ 12 ಫ್ರೇಮ್ ಇಟ್ಟರೆ 40 ಸೆಕೆಂಡಿಗೆ 480 ಚಿತ್ರ. ಫೋನಿನ ಐಎಸ್‌ಒ (ಬೆಳಕಿನ ಸಂವೇದನೆ), ಶಟರ್, ಫೋಕಸ್, ವೈಟ್ ಬ್ಯಾಲೆನ್ಸ್ ನಾಲ್ಕನ್ನೂ ಲಾಕ್ ಮಾಡಿ. ಒಂದು ತಪ್ಪಿದರೂ ವಿಡಿಯೊ ಮಿಣಮಿಣ ಅನ್ನುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದ್ದು, ಶಟರ್ 1/50 ಅಥವಾ 1/100 ಸೆಕೆಂಡಿನಲ್ಲಿರಲಿ. ಕಿಟಕಿಯ ಬೆಳಕನ್ನು ನಂಬಬೇಡಿ, ಒಂದು ಮೋಡ ಹಾದರೆ ಅರ್ಧ ದಿನದ ಕೆಲಸ ಹೋಯಿತು. ಮಿಂಚು, ಗಾಳಿಗೆ ಕರೆಂಟು ಹೋಗುವ ಊರಲ್ಲಿ ಬ್ಯಾಟರಿಯ ಎಲ್‌ಇಡಿ ಎರಡು ಇಟ್ಟುಕೊಳ್ಳುವುದು ಕ್ಷೇಮ. ಫೋನನ್ನು ಬೆರಳಿನಿಂದ ಒತ್ತಿದರೆ ಅಲುಗುತ್ತದೆ; ತಂತಿಯ ಇಯರ್‌ಫೋನಿನ ಧ್ವನಿ ಗುಂಡಿಯೇ ಬಹಳ ಫೋನುಗಳಲ್ಲಿ ಕ್ಯಾಮೆರಾ ಗುಂಡಿಯಾಗುತ್ತದೆ.

ಕಥೆ ಓದುವ ವಿಡಿಯೊಗೆ ಧ್ವನಿ?

ಹೆಂಚಿನ, ತಗಡಿನ ಮಾಡಿನ ಕೆಳಗೆ ಮಳೆಯಲ್ಲಿ ಧ್ವನಿಮುದ್ರಣ ಬೇಡ. ಆ ಸದ್ದನ್ನು ಆಮೇಲೆ ತೆಗೆಯಹೊರಟರೆ ಓದುವವರ ದನಿ ಕೊಡದೊಳಗಿಂದ ಬಂದ ಹಾಗಾಗುತ್ತದೆ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು, ಅದಕ್ಕೆ ಮುಖಮಾಡಿ, ಮೈಕಿನಿಂದ ಒಂದು ಗೇಣು ದೂರ ಕೂತು ಓದಿ. 48 ಕಿಲೊಹರ್ಟ್ಸ್, ವೇವ್ ಕಡತ. ಮಳೆಯ ಸದ್ದು ಕಥೆಗೆ ಬೇಕಾದರೆ ಬೇರೆಯಾಗಿ ಹಿಡಿದು ಕೆಳಗೆ ಸೇರಿಸಿ.

ಸ್ಕ್ಯಾನ್ ಮಾಡಿದಾಗ ಚಿತ್ರ ಕೆಲವು ಕಡೆ ಮಸುಕು, ಜೋಡಿಸಿದಾಗ ಗೆರೆ ಕಾಣುತ್ತದೆ. ಯಾಕೆ?

ಮಸುಕಿಗೆ ಕಾರಣ ಸ್ಕ್ಯಾನರಿನ ಜಾತಿ. ತೆಳುವಾದ, ಅಗ್ಗದ ಸಿಐಎಸ್ ಸ್ಕ್ಯಾನರಿಗೆ ಗಾಜಿಗೆ ತಾಗಿದ್ದು ಮಾತ್ರ ಸ್ಪಷ್ಟ. ಅಲೆ ಎದ್ದ ಕಾಗದ, ಅಂಟಿಸಿದ ಬಟ್ಟೆ, ಹಾಳೆಯ ತುಂಡು ಒಂದೆರಡು ಮಿ.ಮೀ. ಮೇಲಿದ್ದರೂ ಮಸುಕು. ಕೊಲಾಜ್ ಮಾಡುವವರಿಗೆ, ಗಾಜಿನಿಂದ ಸ್ವಲ್ಪ ಮೇಲಿದ್ದದ್ದನ್ನೂ ಸ್ಪಷ್ಟವಾಗಿ ಹಿಡಿಯುವ ಸಿಸಿಡಿ ಸ್ಕ್ಯಾನರೇ ಬೇಕು.

ಜೋಡಣೆಯ ಗೆರೆಗೆ ಕಾರಣ ಚಿತ್ರ ತಿರುಗಿಸಿ ಇಟ್ಟದ್ದು. ಸ್ಕ್ಯಾನರಿನ ಬೆಳಕು ಒಂದೇ ಬದಿಯಿಂದ ಬೀಳುತ್ತದೆ. ಅರ್ಧ ಸ್ಕ್ಯಾನ್ ಮಾಡಿ ಉಳಿದರ್ಧಕ್ಕೆ ತಲೆಕೆಳಗು ಮಾಡಿದರೆ ಕಾಗದದ ತರಿಯ ನೆರಳು ಒಂದು ಕಡೆ ಬಲಕ್ಕೆ, ಇನ್ನೊಂದು ಕಡೆ ಎಡಕ್ಕೆ. ತಿರುಗಿಸದೆ, ಜಾರಿಸಿ ಮಾತ್ರ ಇಡಿ. ಮೇಲೆ ಹೇಳಿದ 438 × 222ರ ಚಿತ್ರ ಎ4 ಗಾಜಿನಲ್ಲಿ ಎರಡೇ ಸಲಕ್ಕೆ ಮುಗಿಯುತ್ತದೆ ಅನಿಸುತ್ತದೆ, ಆದರೆ ಗಾಜಿನ ಅಗಲ 216, ಆರು ಮಿ.ಮೀ. ಸಾಲದು. ಗಾಜಿನ ಉದ್ದ ಚಿತ್ರದ ಎತ್ತರಕ್ಕೆ ಬರುವಂತೆ ಇಟ್ಟು ಮೂರು ಸಲ ತೆಗೆಯಿರಿ, ಪ್ರತಿಸಲವೂ ಮೂರು ನಾಲ್ಕು ಸೆಂ.ಮೀ. ಹಿಂದಿನದ್ದು ಸೇರಿರಲಿ. ಮುಚ್ಚಳ ಕಳಚಿ, ಮೇಲೆ ಸಮ ಭಾರ ಇಡಿ. ಅದೇ ಅಳತೆಯಲ್ಲಿ ಅಚ್ಚಾಗುವುದಾದರೆ 300 ಡಿಪಿಐ ಸಾಕು, ಹಿಗ್ಗಿಸುವುದಿದ್ದರೆ 600. ಟಿಫ್ ಆಗಿ ಉಳಿಸಿ. ಸ್ಕ್ಯಾನರಿನ ಎಲ್ಲ ಸ್ವಯಂ ತಿದ್ದುಪಡಿಗಳನ್ನು ಆಫ್ ಮಾಡಿ ಇಡಿ, ಇಲ್ಲವಾದರೆ ಮೂರು ತುಂಡು ಮೂರು ಬಣ್ಣ.

ಪರದೆಯಲ್ಲಿ ಹೊಳೆಯುವ ಹಸಿರು ಅಚ್ಚಿನಲ್ಲಿ ಸಪ್ಪೆ ಯಾಕೆ?

ಮಳೆ ನಿಂತ ಮೇಲಿನ ಗದ್ದೆಯ ಹಸಿರು ಸಯಾನ್, ಹಳದಿ ಮಸಿಯಿಂದ ಹುಟ್ಟುವುದಿಲ್ಲ. ಹೊಳಪು ಬರುವುದು ಪಕ್ಕದ ಬಣ್ಣದಿಂದ: ಹಸಿರಿನ ಪಕ್ಕ ಮುರಕಲ್ಲಿನ ಕೆಂಪು ಇಡಿ, ಹಸಿರು ತಾನಾಗಿ ಏಳುತ್ತದೆ. ಅದೃಷ್ಟಕ್ಕೆ ಆ ಕೆಂಪು ಅಚ್ಚಿನಲ್ಲಿ ಚೆನ್ನಾಗಿ ಬರುವ ಬಣ್ಣ. ಕತ್ತಲ ಪುಟಗಳಲ್ಲಿ ನಾಲ್ಕೂ ಮಸಿಯ ಮೊತ್ತ 300 ಶೇಕಡಾ ದಾಟಬಾರದು. ಸುರಂಗದ ಕಪ್ಪಿಗೆ ಸಯಾನ್ 60, ಮೆಜೆಂಟಾ 50, ಹಳದಿ 50, ಕಪ್ಪು 100 ಹಾಕಿದರೆ 260. ಹೆಚ್ಚಾದರೆ ಮಸಿ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಹತ್ತುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ.

ಯಕ್ಷಗಾನ, ಭೂತಾರಾಧನೆಯನ್ನು ಚಿತ್ರಿಸುವಾಗ ಎಲ್ಲಿ ಎಡವುತ್ತಾರೆ?

ಯಕ್ಷಗಾನದ ಎರಡು ಶೈಲಿಗಳಾದ ತೆಂಕು, ಬಡಗು ಬೆರೆಸುವುದರಲ್ಲಿ. ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ನೆಲ. ಇಲ್ಲಿಯ ಕಥೆಗೆ ತೆಂಕುತಿಟ್ಟಿನ ವೇಷವೇ ಬರಬೇಕು. ಪುಂಡುವೇಷಕ್ಕೆ, ಅಂದರೆ ಅಭಿಮನ್ಯುವಿನಂಥ ಎಳೆಯ ವೀರರ ಪಾತ್ರಕ್ಕೆ, ತಲೆಗೆ ತೆಂಕಿನಲ್ಲಿ ಪಗಡಿ, ಬಡಗಿನಲ್ಲಿ ಕೇದಗೆ ಮುಂದಲೆ. ತೆಂಕಿನ ಚೆಂಡೆಯವರು ಹೆಗಲಿಗೆ ಹಾಕಿ ನಿಂತು ಬಾರಿಸುತ್ತಾರೆ. ರಾಕ್ಷಸನ ಮುಖದ ಬಿಳಿ ಮುಳ್ಳು ಬಣ್ಣದ ಚುಕ್ಕೆಯಲ್ಲ, ಅಕ್ಕಿಹಿಟ್ಟು, ಸುಣ್ಣ ಕಲಸಿ ಇಟ್ಟ ಚಿಟ್ಟಿ. ಅದಕ್ಕೆ ಎತ್ತರವಿದೆ, ನೆರಳಿದೆ. ನೆರಳು ಬರೆಯದಿದ್ದರೆ ಸಿಡುಬಿನ ಕಲೆಯ ಹಾಗೆ ಕಾಣುತ್ತದೆ. ಅಂತರ್ಜಾಲದಲ್ಲಿ ಹುಡುಕಿದ ಚಿತ್ರ ನೋಡಿ ಬರೆದವರ ರಾವಣ ಅರ್ಧ ಕಥಕಳಿಯಾಗಿರುತ್ತಾನೆ.

ದೈವಗಳ ವಿಷಯ ಬೇರೆ. ಅದು ವೇಷವಲ್ಲ, ಆರಾಧನೆ. ನಿಜವಾದ ದೈವದ ಹೆಸರು, ಅಣಿ (ಬೆನ್ನಿಗೆ ಕಟ್ಟುವ ಅಲಂಕಾರ), ಮುಖವರ್ಣಿಕೆ ಬಳಸುವುದಾದರೆ ಆ ಸ್ಥಾನದವರನ್ನೂ ದೈವ ಕಟ್ಟುವ ಸಮುದಾಯದವರನ್ನೂ ಕೇಳಿಯೇ ಮುಂದುವರಿಯಿರಿ. ತಮಾಷೆಯ ಕಥೆಯಾದರೆ ಬಳಸದಿರುವುದೇ ಸರಿ.

ಯಾರ ಪದ್ಯಕ್ಕೆ ಅನುಮತಿ ಇಲ್ಲದೆ ಚಿತ್ರಪುಸ್ತಕ ಮಾಡಬಹುದು?

ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರ ಜೀವಿತಕಾಲ ಮತ್ತು ಆಮೇಲೆ 60 ವರ್ಷ. ಲೆಕ್ಕ ತೀರಿಕೊಂಡ ಮರುವರ್ಷದ ಜನವರಿಯಿಂದ. ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡರು, ಅವರ ಪದ್ಯಗಳು ಮುಕ್ತವಾಗಿ ಎಷ್ಟೋ ಕಾಲವಾಯಿತು. ಮಂಜೇಶ್ವರ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡದ್ದರಿಂದ ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹ 2024ರ ಜನವರಿ 1ರಿಂದ ಎಲ್ಲರದ್ದು. ಕಯ್ಯಾರ ಕಿಞ್ಞಣ್ಣ ರೈಗಳು 2015ರ ತನಕ ಇದ್ದರು. ಅವರ ಪದ್ಯಕ್ಕೆ 2075 ಮುಗಿಯುವ ತನಕ ವಾರಸುದಾರರ ಒಪ್ಪಿಗೆ ಬೇಕು. ಅಜ್ಜಿಕಥೆಗೆ ಹಕ್ಕುದಾರರಿಲ್ಲ, ಆದರೆ ಇನ್ನೊಬ್ಬರು ಸಂಗ್ರಹಿಸಿ ತಮ್ಮ ಮಾತಲ್ಲಿ ಬರೆದ ಪಠ್ಯಕ್ಕೆ ಇದೆ.

ಒಪ್ಪಂದ ಇಲ್ಲದೆ ಕೆಲಸ ಶುರು ಮಾಡಿದರೆ ಏನಾಗುತ್ತದೆ?

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಓದಿದವರು ಹಾಗೆ ಶುರು ಮಾಡುವುದಿಲ್ಲ. ಹಣ ಕೊಟ್ಟು ಬರೆಸಿಕೊಂಡ ವರ್ಣಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿಕೊಂಡವರೇ ಮೊದಲ ಹಕ್ಕುದಾರರು. ಹಾಗಾಗಿ ಹಕ್ಕು ಚಿತ್ರಕಾರರದ್ದು, ಪ್ರಕಾಶಕರಿಗೆ ಇಂತಿಂಥ ಬಳಕೆಗೆ ಮಾತ್ರ ಪರವಾನಗಿ ಎಂದು ಬರೆಸಿ. ಹಕ್ಕು ಬರೆದುಕೊಡುವ ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಎಂದು 19ನೇ ಸೆಕ್ಷನ್ ಹೇಳುತ್ತದೆ. ಯಾವ ಯಾವ ಭಾಷೆ, ಇ-ಪುಸ್ತಕ, ವಿಡಿಯೊ, ಕ್ಯಾಲೆಂಡರ್, ಟೀಶರ್ಟ್ ಒಂದೊಂದನ್ನೂ ಹೆಸರಿಸಿ. ಎಷ್ಟು ಸಲ ತಿದ್ದುಪಡಿ ಎಂಬುದೂ ಇರಲಿ. ಪೆನ್ಸಿಲ್ ಹಂತದಲ್ಲಿ ಎರಡು, ಬಣ್ಣ ಹಾಕಿದ ಮೇಲೆ ಒಂದು ಸಣ್ಣದು ನ್ಯಾಯವಾದ ಲೆಕ್ಕ. ಹಣ ಮೂರು ಕಂತಿನಲ್ಲಿ: ಸಹಿಯ ದಿನ, ಪೆನ್ಸಿಲ್ ಒಪ್ಪಿಗೆಯಾದಾಗ, ಕೊನೆಯ ಕಡತ ಕೊಟ್ಟಾಗ. 'ಪ್ರಕಟವಾದ ಮೇಲೆ' ಎಂಬ ಮಾತಿಗೆ ಒಪ್ಪಬೇಡಿ, ಪುಸ್ತಕ ಎರಡು ವರ್ಷ ಕಪಾಟಿನಲ್ಲಿ ಕೂತರೆ ನಿಮ್ಮ ಹಣವೂ ಅಲ್ಲೇ ಕೂರುತ್ತದೆ.

ಸ್ಟೋರಿವೀವರ್‌ನಂಥ ಮುಕ್ತ ವೇದಿಕೆಗೆ ಕೊಡುವ ಚಿತ್ರಕ್ಕೆ ಸಿಸಿ ಬೈ 4.0 ಪರವಾನಗಿ ಇರುತ್ತದೆ. ಹೆಸರು ಹೇಳಿ ಯಾರು ಬೇಕಾದರೂ ಮಾರಬಹುದು, ಬದಲಿಸಬಹುದು, ಕೊಟ್ಟದ್ದನ್ನು ಹಿಂದೆ ಪಡೆಯಲಾಗದು. ಕನ್ನಡ ಮಕ್ಕಳಿಗೆ ಪುಸ್ತಕ ತಲುಪಲು ಅದು ಒಳ್ಳೆಯ ದಾರಿ, ತಿಳಿದು ಕೊಟ್ಟರೆ.

ಎಐ ಚಿತ್ರ ಬಳಸಿದರೆ ತಪ್ಪೇ?

ಒಪ್ಪಂದದಲ್ಲಿ ಏನಿದೆ ನೋಡಿ, ಬಳಸಿದ್ದನ್ನು ಮುಚ್ಚಿಡಬೇಡಿ. ಕೆಲಸದ ದೃಷ್ಟಿಯಿಂದ ಹೇಳುವುದಾದರೆ ಅದಕ್ಕೆ ದಂಬೆ, ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ), ಗೊರಬೆ (ಮಳೆಗೆ ಹೊದೆಯುವ ಗರಿಯ ಗೊರಗು) ಗೊತ್ತಿರುವಂತೆ ಕಾಣುವುದಿಲ್ಲ. ತಿದ್ದುವ ಹೊತ್ತಿಗೆ ಬರೆದೇ ಮುಗಿಸಬಹುದು.

ಚಿತ್ರ ಮಕ್ಕಳಿಗೆ ಹಿಡಿಸುತ್ತದೋ ಎಂದು ಮೊದಲೇ ತಿಳಿಯುವುದು ಹೇಗೆ?

ಪೆನ್ಸಿಲ್ ಹಂತದಲ್ಲೇ ಕಪ್ಪುಬಿಳುಪು ಜೆರಾಕ್ಸ್ ಮಾಡಿ, ಪಿನ್ನು ಹೊಡೆದು, ಕನ್ನಡ ಮಾಧ್ಯಮದ ಎರಡನೇ ತರಗತಿಗೆ ಒಯ್ಯಿರಿ. ಪಠ್ಯ ಓದದೆ ಪುಟ ಮಾತ್ರ ತಿರುವಿ, ಏನಾಗುತ್ತಿದೆ ಎಂದು ಅವರೇ ಹೇಳಲಿ. ಮನೆಯಲ್ಲಿ ತುಳು, ಬ್ಯಾರಿ, ಮಲಯಾಳ, ಹವ್ಯಕ, ಕೊಂಕಣಿ, ಮರಾಠಿ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿರುತ್ತಾರೆ. ಬೇರೆ ಬೇರೆ ಮಾತಲ್ಲಿ ಹೇಳಿದರೂ ಕಥೆ ಒಂದೇ ಬಂದರೆ ಚಿತ್ರ ಸರಿಯಾಗಿದೆ. ಚೆನ್ನಾಗಿದೆಯಾ ಎಂದು ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ಯಾವ ಪುಟದಲ್ಲಿ ಕಿಟಕಿಯ ಕಡೆ ನೋಡಿದರು ಎಂದು ಬರೆದುಕೊಳ್ಳಿ.

ಮೂಲಚಿತ್ರ ಪ್ರಕಾಶಕರಿಗೆ ಕಳುಹಿಸಬೇಕೇ?

ಸ್ಕ್ಯಾನ್ ಸಾಕು. ಮೂಲಚಿತ್ರ ನಿಮ್ಮ ಸೊತ್ತು ಎಂಬ ಒಂದು ಸಾಲು ಒಪ್ಪಂದದಲ್ಲಿರಲಿ. ಪ್ರದರ್ಶನಕ್ಕೆ ಕಳುಹಿಸಲೇಬೇಕಾದರೆ ಸುರುಳಿ ಸುತ್ತಬೇಡಿ, ಗ್ವಾಷ್ (ದಪ್ಪ, ಅಪಾರದರ್ಶಕ ಜಲವರ್ಣ), ಅಕ್ರಿಲಿಕ್ ಬಿರುಕು ಬಿಡುತ್ತದೆ. ಪ್ರತಿ ಚಿತ್ರದ ಮೇಲೆ ಬಟರ್ ಪೇಪರ್, ಇಡೀ ಕಟ್ಟಿಗೆ ಪ್ಲಾಸ್ಟಿಕ್ ಹೊದಿಕೆ, ಆಚೀಚೆ 3 ಮಿ.ಮೀ. ಹಾರ್ಡ್‌ಬೋರ್ಡು, ಬೋರ್ಡು ಚಿತ್ರಕ್ಕಿಂತ ನಾಲ್ಕೂ ಬದಿ ಎರಡು ಬೆರಳು ದೊಡ್ಡದಿರಲಿ. ಕಳುಹಿಸುವ ಮೊದಲು ಪ್ರತಿ ಚಿತ್ರದ ಹಿಂದೂ ಮುಂದೂ ಫೋಟೊ ತೆಗೆದಿಡಿ, ಹಿಂದೆ ಪೆನ್ಸಿಲಿನಲ್ಲಿ ಹೆಸರು, ಪುಸ್ತಕ, ಪುಟಸಂಖ್ಯೆ ಬರೆಯಿರಿ. ಪೆನ್ನಿನಲ್ಲಿ ಬರೆದರೆ ಒಂದೆರಡು ಮಳೆಗಾಲದಲ್ಲಿ ಮುಂದಕ್ಕೆ ಇಳಿಯುತ್ತದೆ.